ಹಳೆ ವ್ಯಾನಿನ ಡ್ಯಾಶ್‌ಬೋರ್ಡ್ ಗಡಿಯಾರ ನಿಂತು ಹೋಗಿದ್ಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ವ್ಯಾನನ್ನು ಕ್ಯಾಂಪರ್ ಮಾಡಿಕೊಂಡು ತಿರುಗುವವರು ನನಗೆ ಗೊತ್ತಿರುವವರೇ ಮಂಗ್ಳೂರು, ಸುರತ್ಕಲ್, ಉಡುಪಿ, ಕುಂದಾಪುರ ಸೇರಿಸಿ ಹತ್ತು ಹನ್ನೆರಡು ಜನ ಇದ್ದಾರೆ. ಒಬ್ಬರದ್ದು ಟ್ರಾವೆಲರ್, ಒಬ್ಬರದ್ದು ಓಮ್ನಿ, ನಮ್ದು ಮೆಟಡೋರ್. ಎಲ್ಲರ ವ್ಯಾನಲ್ಲೂ ಇಂಜಿನ್ ಓಡ್ತದೆ, ಹಿಂದೆ ಬೆಡ್ಡು, ಸ್ಟವ್ವು, ಫ್ಯಾನು ಎಲ್ಲ ಉಂಟು, ಡ್ಯಾಶ್‌ಬೋರ್ಡ್ ಗಡಿಯಾರ ಮಾತ್ರ ಎಷ್ಟೋ ವರ್ಷದಿಂದ ಹತ್ತೂವರೆಗೋ ಮೂರೂಕಾಲಿಗೋ ನಿಂತಿರ್ತದೆ. ನಮ್ದನ್ನು ಸರಿ ಮಾಡಿದ ಮೇಲೆ ಒಬ್ಬರ ನಂತ್ರ ಒಬ್ಬರು ಕೇಳ್ಲಿಕ್ಕೆ ಶುರು ಮಾಡಿದ್ರು, ಪ್ರತಿಸಲ ಅದನ್ನೇ ಫೋನಲ್ಲಿ ಹೇಳುವ ಬದ್ಲು ಎಲ್ಲ ಒಂದು ಕಡೆ ಬರೆದಿಡ್ತಾ ಇದ್ದೇನೆ.

ನಮ್ಮ ಮೆಟಡೋರ್ ಮೊದ್ಲು ದೊಡ್ಡಪ್ಪನದ್ದು. ಅವರಿಗೆ ಅಡುಗೆ ಕಾಂಟ್ರಾಕ್ಟ್ ಇತ್ತು, ಮದುವೆ ಮನೆಗೆ ಪಾತ್ರೆ, ಸೌದೆ, ಜನ ಎಲ್ಲ ಅದ್ರಲ್ಲೇ. ಗಡಿಯಾರ ವ್ಯಾನಿನ ಜೊತೆ ಬಂದದ್ದಲ್ಲ, ಸೋದರಮಾವ ಕುವೈಟಿಂದ ರಜೆಗೆ ಬರುವಾಗ ತಂದುಕೊಟ್ಟ ರೌಂಡ್ ಗಡಿಯಾರ, ಡ್ಯಾಶ್‌ಬೋರ್ಡಲ್ಲಿ 52 ಎಂಎಂ ತೂತು ಕೊರೆದು ಹಾಕಿಸಿದ್ದು. ಬೆಳಗ್ಗಿನ ಜಾವ ನಾಲ್ಕಕ್ಕೆ ಹೊರಡ್ಲಿಕ್ಕೆ ದೊಡ್ಡಪ್ಪ ಅದನ್ನೇ ನೋಡ್ತಿದ್ದದ್ದು. ಹಾಗಾಗಿ ಅದನ್ನು ಬಿಸಾಡ್ಲಿಕ್ಕೆ ನನಗೆ ಮನಸ್ಸು ಬರ್ಲಿಲ್ಲ, ನಿಮ್ಮಲ್ಲೂ ಸುಮಾರು ಜನರದ್ದು ಇದೇ ಕಥೆ ಇರ್ತದೆ.

ಗಡಿಯಾರ ಪೂರ್ತಿ ನಿಂತಿದೆ. ಮೊದ್ಲು ಎಂಥ ನೋಡುದು?

ಫ್ಯೂಸ್. ಗಡಿಯಾರ ಬಿಚ್ಚುವ ಮೊದ್ಲು ಫ್ಯೂಸ್ ನೋಡಿ ಮಾರಾಯ್ರೆ, ದಯವಿಟ್ಟು. ಸುಮಾರು ವ್ಯಾನಲ್ಲಿ ಗಡಿಯಾರಕ್ಕೂ ಒಳಗಿನ ಕ್ಯಾಬಿನ್ ಲೈಟಿಗೂ ಒಂದೇ ಫ್ಯೂಸ್ ಇರ್ತದೆ, ಯಾಕಂದ್ರೆ ಎರಡಕ್ಕೂ ಕೀ ಆಫ್ ಇದ್ರೂ ಕರೆಂಟ್ ಬೇಕು. ಡೋರ್ ತೆಗೆದ್ರೆ ಕ್ಯಾಬಿನ್ ಲೈಟ್ ಕೂಡ ಹತ್ತುದಿಲ್ಲ ಅಂತಾದ್ರೆ ಗಡಿಯಾರದ ತಪ್ಪೇನಿಲ್ಲ, ಫ್ಯೂಸೇ ಹೋಗಿರ್ತದೆ.

ಹಳೆ ಜರ್ಮನ್ ನಮೂನೆಯ ವಾಹನದಲ್ಲಿ ಉದ್ದ ಗೋಲಿ ಥರದ ಸೆರಾಮಿಕ್ ಫ್ಯೂಸ್ ಇರ್ತದೆ, ಬಿಳಿದು 8 ಆಂಪ್, ಕೆಂಪು 16, ನೀಲಿ 25. ಇದ್ರಲ್ಲಿ ಒಂದು ವಿಷಯ ಉಂಟು, ಫ್ಯೂಸ್ ತಂತಿ ಸರಿ ಇದ್ರೂ ಎರಡು ತುದಿಯ ಮೊನೆ ಕಪ್ಪಾಗಿ ಕಾಂಟ್ಯಾಕ್ಟ್ ಕೊಡುದಿಲ್ಲ. ಬೆರಳಲ್ಲಿ ಹಿಡಿದು ಅದು ಕೂತಲ್ಲೇ ನಾಲ್ಕು ಸುತ್ತು ತಿರುಗಿಸಿ. ನಮ್ಮ ಪರಿಚಯದವರೊಬ್ಬರು ಗಡಿಯಾರ ಹೊಸತು ತರಿಸ್ಲಿಕ್ಕೆ ಹೊರಟಿದ್ರು, ಅವರ ವ್ಯಾನಲ್ಲಿ ಹೀಗೆ ಫ್ಯೂಸ್ ತಿರುಗಿಸಿದ ಕೂಡ್ಲೇ ಸೆಕೆಂಡ್ ಮುಳ್ಳು ಹೊರಟಿತು.

ಫ್ಯೂಸ್ ಸರಿ ಉಂಟು, ಆದ್ರೂ ಓಡುದಿಲ್ಲ. ಮಿಷಿನ್ ಹೋಯ್ತು ಅಂತ ಲೆಕ್ಕವಾ?

ಇಲ್ಲ. ನಮ್ಮ ಕಡೆ ನಿಂತ ಗಡಿಯಾರ ಅಂದ್ರೆ ಹೆಚ್ಚಾಗಿ ಕರೆಂಟ್ ಸರಿಯಾಗಿ ಬಾರದ ಗಡಿಯಾರ, ನಾನು ಇಷ್ಟನ್ನು ಜೋರಾಗಿಯೇ ಹೇಳ್ತೇನೆ. ಕಾರಣ ನಮ್ಮ ಗಾಳಿ. ಮಂಗ್ಳೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಬರ್ತದೆ, ಉಳಿದ ದಿನ ಉಪ್ಪುಗಾಳಿ, ಮಲ್ಪೆಯಲ್ಲೋ ತಣ್ಣೀರುಬಾವಿಯಲ್ಲೋ ಕಡಲ ಬದಿ ರಾತ್ರಿ ವ್ಯಾನ್ ನಿಲ್ಲಿಸಿದ್ರೆ ಬೆಳಗ್ಗೆ ಗ್ಲಾಸ್ ಮೇಲೆ ಕೈ ಉಜ್ಜಿ ನೋಡಿ, ಅಂಟಂಟು. ಅದೇ ಅಂಟು ಡ್ಯಾಶ್‌ಬೋರ್ಡ್ ಹಿಂದೆ ಅರ್ತ್ (ಬಾಡಿ ಮೂಲಕ ಬ್ಯಾಟರಿ ಮೈನಸಿಗೆ ಹೋಗುವ ಕನೆಕ್ಷನ್) ಸ್ಕ್ರೂ ಮೇಲೂ ಕೂತ್ಕೊಳ್ತದೆ.

ಮಲ್ಟಿಮೀಟರ್ ತಗೊಳ್ಳಿ, ಇನ್ನೂರು ಮುನ್ನೂರು ರೂಪಾಯಿದ್ದೂ ಸಾಕು. ಗಡಿಯಾರದ ಹಿಂದಿನ ಪ್ಲಗ್ ಕಿತ್ತು ಪ್ಲಸ್ ವೈರಿಗೆ ಕೆಂಪು ಕಡ್ಡಿ, ಗಡಿಯಾರದ್ದೇ ಅರ್ತ್ ವೈರಿಗೆ ಕಪ್ಪು ಕಡ್ಡಿ ಇಟ್ಟು ನೋಡಿ. ಇಂಜಿನ್ ಆಫ್ ಇದ್ದಾಗ ಒಳ್ಳೆ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸ್ಬೇಕು. ಸೊನ್ನೆಯೋ ಐದಾರೋ ಬಂದ್ರೆ ಈಗ ಕಪ್ಪು ಕಡ್ಡಿಯನ್ನು ಸೀದಾ ಬ್ಯಾಟರಿ ಮೈನಸಿಗೆ ಮುಟ್ಟಿಸಿ, ಬೇಕಾದ್ರೆ ಉದ್ದ ವೈರ್ ಎಳೀರಿ. ಆಗ 12.6 ಬಂತಾ? ಹಾಗಾದ್ರೆ ಪ್ಲಸ್ ಸರಿ ಉಂಟು, ಅರ್ತ್ ಹೋಗಿದೆ.

ಇಲ್ಲೊಂದು ಮೋಸ ಉಂಟು. ಗಡಿಯಾರ ಎಳೆಯುದು ಕೆಲವೇ ಮಿಲಿಆಂಪ್, ಮೀಟರ್ ಎಳೆಯುದು ಅದಕ್ಕಿಂತಲೂ ಎಷ್ಟೋ ಕಮ್ಮಿ, ಹಾಗಾಗಿ ಕಿಲುಬು ಹಿಡಿದ ಕಾಂಟ್ಯಾಕ್ಟಲ್ಲೂ ಮೀಟರಲ್ಲಿ ಪೂರ್ತಿ 12 ಕಾಣ್ತದೆ, ಲೋಡ್ ಕೊಟ್ಟ ಕೂಡ್ಲೇ ಬಿದ್ದುಹೋಗ್ತದೆ. ಹಾಗಾಗಿ ಹಳೆ ಎಲೆಕ್ಟ್ರಿಷಿಯನ್‌ಗಳ ಹಾಗೆ ಒಂದು ಸಣ್ಣ ಬಲ್ಬಿಗೆ ಎರಡು ವೈರ್ ಸಿಕ್ಕಿಸಿ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ, ಬಲ್ಬ್ ಜೋರಾಗಿ ಹತ್ತಿದ್ರೆ ಮಾತ್ರ ಕರೆಂಟ್ ಉಂಟು ಅಂತ ನಂಬಿ.

ನಮ್ಮ ವ್ಯಾನಲ್ಲಿ ಆದದ್ದು ಇದೇ. ಒಬ್ಬ ಎಲೆಕ್ಟ್ರಿಷಿಯನ್ ನೋಡದೆಯೇ ಮಿಷಿನ್ ಹೋಗಿದೆ, ಕಿತ್ತು ಬಿಸಾಡಿ ಡಿಜಿಟಲ್ ಅಂಟಿಸಿ ಅಂದಿದ್ರು. ನಾನು ಒಂದು ಭಾನುವಾರ ಸ್ಟೇರಿಂಗ್ ಅಡಿಯಲ್ಲಿ ಟಾರ್ಚ್ ಹಿಡಿದು ಮಲಗಿ ಕಂದು ವೈರನ್ನು ಹಿಂಬಾಲಿಸಿ ಹೋದೆ, ಅದು ಒಂದು ಬ್ರಾಕೆಟ್ಟಿನ ಹಿಂದೆ ಬಾಡಿಗೆ ಸ್ಕ್ರೂ ಆಗಿತ್ತು. ಸ್ಕ್ರೂ ತಲೆ ಕಾಣುದೇ ಇಲ್ಲ, ಹಸಿರು ಕಿಲುಬು ಹತ್ತಿಯ ಹಾಗೆ ಉಬ್ಬಿಕೊಂಡಿತ್ತು, ವೈರಿನ ರಿಂಗ್ ಮುಟ್ಟಿದ್ದಷ್ಟೆ, ಪುಡಿಯಾಗಿ ಕೈಗೆ ಬಂತು. ಬಾಡಿಯ ಪೇಂಟ್ ಕೆರೆದು ತಗಡು ಹೊಳೆಯುವ ಹಾಗೆ ಎಮರಿ ಪೇಪರ್ ಹಾಕಿ, ಹೊಸ ರಿಂಗ್ ಟರ್ಮಿನಲ್ ಹೊಡೆದು, ಸ್ಕ್ರೂ ಟೈಟ್ ಮಾಡಿ ಮೇಲಿಂದ ವ್ಯಾಸಲೀನ್ ಹಚ್ಚಿದೆ. ವ್ಯಾಸಲೀನ್ ಟೈಟ್ ಮಾಡಿದ ಮೇಲೆಯೇ ಹಚ್ಚುದು, ಮೊದ್ಲಲ್ಲ. ಎಷ್ಟೋ ವರ್ಷದ ನಂತ್ರ ಮುಳ್ಳು ಹಂದಾಡಿತು.

ಹಿಂದೆ ಮೂರು ನಾಲ್ಕು ವೈರ್ ಉಂಟು, ಯಾವ್ದು ಯಾವ್ದಕ್ಕೆ ಅಂತ ಗೊತ್ತಾಗುದಿಲ್ಲ.

ಜರ್ಮನ್ ಗಡಿಯಾರ ಆದ್ರೆ ಹಿಂದೆ ಸಣ್ಣ ನಂಬರ್ ಒತ್ತಿರ್ತದೆ, ಬಣ್ಣಕ್ಕಿಂತ ನಂಬರ್ ನಂಬಿ. 30 ಅಂದ್ರೆ ಬ್ಯಾಟರಿಯಿಂದ ಸೀದಾ ಬರುವ ಪ್ಲಸ್, ಕೀ ಆಫ್ ಇದ್ರೂ ಇರುದು. 31 ಅರ್ತ್. 58 ಡ್ಯಾಶ್ ಲೈಟ್, ಪಾರ್ಕಿಂಗ್ ಲೈಟ್ ಹಾಕಿದಾಗ ಬರುದು. 15 ಅಂತ ಇದ್ರೆ ಕೀ ಆನ್ ಮಾಡಿದಾಗ ಮಾತ್ರ ಬರುವ ಪ್ಲಸ್. ಅವರ ವೈರಿಂಗಲ್ಲಿ ಕಂದು ಅರ್ತ್, ಕೆಂಪು 30. ಆದ್ರೆ ನಮ್ಮ ಊರಲ್ಲಿ ಮೂವತ್ತು ವರ್ಷ ಓಡಿದ ವ್ಯಾನಲ್ಲಿ ನಾಲ್ಕು ಜನ ಎಲೆಕ್ಟ್ರಿಷಿಯನ್ ಕೈ ಹಾಕಿರ್ತಾರೆ, ಕೈಗೆ ಸಿಕ್ಕಿದ ಬಣ್ಣ ಹಾಕಿರ್ತಾರೆ, ಮೀಟರ್ ಇಟ್ಟೇ ನೋಡ್ಬೇಕು.

ಕೀ ಆನ್ ಇದ್ದಾಗ ಓಡ್ತದೆ, ಆಫ್ ಮಾಡಿದ್ರೆ ನಿಲ್ತದೆ ಅಂತ ಕೇಳುವವರಿಗೆ: ನಿಮ್ಮ ಗಡಿಯಾರವನ್ನು ಯಾರೋ 15ಕ್ಕೆ ಕೊಟ್ಟಿದ್ದಾರೆ. 30ಕ್ಕೆ ಬದಲಿಸಿ, ಮಧ್ಯೆ 1 ಆಂಪ್ ಫ್ಯೂಸ್ ಹಾಕಿ.

ಕ್ಯಾಂಪರ್ ಮಾಡಿಸುವ ತನಕ ಸರಿ ಇತ್ತು, ಆ ಮೇಲೆಯೇ ಹಾಳಾದದ್ದು. ಅದು ಹೇಗೆ?

ಕ್ಯಾಂಪರ್ ಮಾಡುವಾಗ ಹಿಂದೆ ಇನ್ನೊಂದು ಬ್ಯಾಟರಿ ಬರ್ತದೆ, ಫ್ಯಾನು, ಲೈಟು, ಫ್ರಿಜ್ಜಿಗೆ. ಅದಕ್ಕೊಂದು ಕಟ್ ಆಫ್ ಸ್ವಿಚ್ ಇಡ್ತಾರೆ. ಕೆಲಸ ಮಾಡುವವರು ಕ್ಯಾಬಿನ್ ಲೈಟಿನ ವೈರನ್ನು ಹಿಂದಿನ ಬ್ಯಾಟರಿಗೆ ಸೇರಿಸ್ತಾರೆ, ರಾತ್ರಿ ಲೈಟ್ ಹಾಕಿ ಕೂತ್ರೂ ಬೆಳಗ್ಗೆ ಇಂಜಿನ್ ಸ್ಟಾರ್ಟ್ ಆಗ್ಲಿ ಅಂತ, ಅದು ಒಳ್ಳೆ ಯೋಚನೆಯೇ. ಆದ್ರೆ ಗಡಿಯಾರವೂ ಅದೇ ವೈರಿನಲ್ಲಿ ಇದ್ದದ್ದು ಅವರಿಗೆ ಗೊತ್ತಿರುದಿಲ್ಲ. ನೀವು ಮನೆಗೆ ಬಂದು ಕಟ್ ಆಫ್ ಮಾಡಿದ ಕೂಡ್ಲೇ ಗಡಿಯಾರ ನಿಲ್ತದೆ, ಮುಂದಿನ ವಾರ ಆನ್ ಮಾಡಿದಾಗ ನಿಂತಲ್ಲಿಂದ ಓಡ್ತದೆ, ನೀವು ಟೈಮ್ ತಪ್ಪು ತೋರಿಸ್ತದೆ ಅಂತ ಗಡಿಯಾರವನ್ನು ಬೈತೀರಿ.

ಪರಿಹಾರ ಸುಲಭ, ಗಡಿಯಾರದ ಪ್ಲಸ್ ಒಂದನ್ನು ಬೇರೆ ಮಾಡಿ ಮುಂದಿನ ಬ್ಯಾಟರಿಗೆ ಕೊಡಿ. ಅರ್ತ್ ಎರಡು ಬ್ಯಾಟರಿಗೂ ಬಾಡಿಯೇ ಆದ್ರೆ ಅದನ್ನು ಮುಟ್ಲಿಕ್ಕಿಲ್ಲ. ಇನ್ನೊಂದು, ಒಳಗೆ ಪ್ಲೈವುಡ್ ಪ್ಯಾನೆಲ್ ಹೊಡೆಯುವಾಗ ಸ್ಕ್ರೂ ಹಳೆ ವೈರ್ ಬಂಡಲ್ಲಿಗೆ ತಾಗಿರುದೂ ಉಂಟು, ಫ್ಯೂಸ್ ಪದೇ ಪದೇ ಹಾರ್ತಾ ಇದ್ರೆ ದೊಡ್ಡ ಫ್ಯೂಸ್ ಹಾಕಿ ಸುಮ್ಮನಾಗ್ಬೇಡಿ, ಹಿಂದೆ ನೀವು ಮಲಗುವ ವ್ಯಾನ್ ಅದು, ಎಲ್ಲಿ ಶಾರ್ಟ್ ಆಗ್ತಾ ಉಂಟು ಅಂತ ಹುಡುಕಿಯೇ ಮುಂದೆ ಹೋಗಿ.

ಗಡಿಯಾರ ಹೊರಗೆ ತೆಗೆಯುದು ಹೇಗೆ?

ಮೊದ್ಲು ಬ್ಯಾಟರಿ ಮೈನಸ್ ಕಳಚಿ. ಬಿಡಿಯಾದ ರೌಂಡ್ ಗಡಿಯಾರ ಆದ್ರೆ ಹಿಂದೆ ಯು ಆಕಾರದ ಒಂದು ಪಟ್ಟಿ ಮತ್ತೆ ಒಂದೆರಡು ನಟ್ಟು ಇರ್ತದೆ, ಬಿಚ್ಚಿದ್ರೆ ಮುಂದಕ್ಕೆ ಬರ್ತದೆ. ವೈರ್ ಕೀಳುವ ಮೊದ್ಲು ಮೊಬೈಲಲ್ಲಿ ಫೋಟೋ ತೆಗೀರಿ.

ಸ್ಪೀಡೋಮೀಟರ್ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇರುವ ಗಡಿಯಾರ ಆದ್ರೆ ಸಾವಕಾಶ ಬೇಕು. ಸ್ಪೀಡೋ ಕೇಬಲ್ ಮೊದ್ಲು ಬಿಡಿಸ್ಬೇಕು, ಎಳೆದ್ರೆ ಕೇಬಲ್ ತುದಿ ಮುರೀತದೆ. ಹಿಂದೆ ನೀಲಿಯೋ ಹಳದಿಯೋ ಬಣ್ಣದ ಪ್ಲಾಸ್ಟಿಕ್ ಹಾಳೆ ಕಾಣ್ತದಲ್ಲ, ಅದ್ರ ಮೇಲೆ ತಾಮ್ರದ ಗೆರೆ ಓಡಿರ್ತದೆ, ಅದೇ ವೈರಿಂಗ್. ಮೂವತ್ತು ವರ್ಷದ ಬಿಸಿಲಿಗೆ ಅದು ಒಣಗಿದ ಬಾಳೆಎಲೆಯ ಹಾಗಾಗಿರ್ತದೆ, ಮಡಚಿದ್ರೆ ಸೀಳ್ತದೆ. ಒಂದ್ಸಲ ಕಾಪು ಬೀಚಿನ ಹತ್ರ, 1901ರ ಲೈಟ್‌ಹೌಸ್ ಉಂಟಲ್ಲ ಅಲ್ಲಿ, ದೂರದಿಂದ ಓಡಿಸ್ಕೊಂಡು ಬಂದ ಒಂದು ಜೋಡಿಯ ಹಳೆ ವಿದೇಶಿ ವ್ಯಾನ್ ನೋಡಿದೆ. ಅವರದ್ದು ಗಡಿಯಾರವೂ ಓಡುದಿಲ್ಲ, ಡೀಸೆಲ್ ತೋರಿಸುವ ಮುಳ್ಳೂ ಏಳುದಿಲ್ಲ. ಹಿಂದೆ ಆ ಹಾಳೆಯಲ್ಲಿ ಕೂದಲಿನಷ್ಟು ತೆಳ್ಳಗಿನ ಬಿರುಕು. ಬಿರುಕಿನ ಎರಡು ಬದಿ ಬ್ಲೇಡಲ್ಲಿ ಮೆಲ್ಲ ಕೆರೆದು ತಾಮ್ರ ಹೊಳೆಸಿ, ಮೇಲೆ ಒಂದು ಎಳೆ ತಾಮ್ರದ ತಂತಿ ಅಡ್ಡ ಇಟ್ಟು ರಪ್ಪನೆ ಸೋಲ್ಡರ್ ಮುಟ್ಟಿಸಿದೆ, ಐರನ್ ಎರಡು ಸೆಕೆಂಡಿಗಿಂತ ಜಾಸ್ತಿ ಇಟ್ರೆ ಹಾಳೆ ಸುರುಟಿಕೊಳ್ತದೆ. ಎರಡೂ ಒಟ್ಟಿಗೆ ಬಂತು. ಅವರು ನಮಗೆ ಕಾಫಿ ಮಾಡಿಕೊಟ್ರು, ನಾವು ಅವರಿಗೆ ಗೋಳಿಬಜೆ ತಂದುಕೊಟ್ಟೆವು.

ಕರೆಂಟ್ ಸರಿ ಬರ್ತದೆ, ಆದ್ರೂ ಓಡುದಿಲ್ಲ. ಒಳಗೆ ಎಂಥ ಇರ್ತದೆ?

1970ರ ದಶಕದ ಕೊನೆಯಿಂದ ಮೇಲೆ ಬಂದ ಮುಳ್ಳಿನ ಗಡಿಯಾರ ಹೆಚ್ಚಿನವು ಕ್ವಾರ್ಟ್ಸ್. ಒಂದು ಸಣ್ಣ ಬೋರ್ಡು, ಅದ್ರ ಮೇಲೆ ಬೆಳ್ಳಿ ಬಣ್ಣದ ಡಬ್ಬಿಯ ಕ್ರಿಸ್ಟಲ್, ಒಂದು ಐಸಿ (ಚಿಪ್), ಒಂದೆರಡು ಕೆಪಾಸಿಟರ್ (ಕರೆಂಟ್ ಚೂರು ಹಿಡಿದಿಡುವ ಪಾರ್ಟ್), ಒಂದು ಕಾಯಿಲ್ (ತಂತಿ ಸುತ್ತಿದ ಸುರುಳಿ), ಮತ್ತೆ ಪ್ಲಾಸ್ಟಿಕ್ ಹಲ್ಲಿನ ಚಕ್ರಗಳು. ವಾಹನದ ಗಡಿಯಾರದಲ್ಲಿ ಕ್ರಿಸ್ಟಲ್ ಮೇಲೆ 4.194304 ಮೆಗಾಹರ್ಟ್ಸ್ ಅಂತ ಬರೆದಿರುದನ್ನು ಸುಮಾರು ಸಲ ನೋಡಿದ್ದೇನೆ. ಅಂದ್ರೆ ಸೆಕೆಂಡಿಗೆ 41,94,304 ಸಲ, ಆ ಸಂಖ್ಯೆಯನ್ನು 22 ಸಲ ಎರಡರಿಂದ ಭಾಗಿಸಿದ್ರೆ ಸರಿಯಾಗಿ 1 ಬರ್ತದೆ, ಅಂದ್ರೆ ಸೆಕೆಂಡಿಗೊಂದು ಪೆಟ್ಟು. ಕೈ ವಾಚಲ್ಲಿ ಇರುದು 32,768 ಹರ್ಟ್ಸ್, ಅದು 15 ಸಲ. ಐಸಿಯ ಕೆಲಸ ಈ ಭಾಗಾಕಾರವೇ. ಇದು ತಿಳಿದಾಗ ನನಗೆ ಆದ ಖುಷಿ ಹೇಳ್ಲಿಕ್ಕಾಗುದಿಲ್ಲ, ಆ ಬೆರಳುಗುರಿನಷ್ಟು ಡಬ್ಬಿ ಒಳಗೆ ಒಂದು ಸೆಕೆಂಡಿಗೆ ನಲ್ವತ್ತೊಂದು ಲಕ್ಷ ಚಿಲ್ಲರೆ ಸಲ ನಡುಗುವ ಕಲ್ಲಿನ ಚೂರು, ಅದೂ ದೊಡ್ಡಪ್ಪನ ಕಾಲದಿಂದ.

ಬಿಚ್ಚುದು ಹೇಗಂದ್ರೆ, ಮುಂದಿನ ಕಪ್ಪು ರಿಂಗಿನ ಅಂಚು ಹಿಂದಕ್ಕೆ ಮಡಚಿರ್ತದೆ. ಸಣ್ಣ ಸ್ಕ್ರೂಡ್ರೈವರಲ್ಲಿ ಒಂದೇ ಕಡೆ ಎತ್ತದೆ ಸುತ್ತ ಚೂರು ಚೂರೇ ಎತ್ತಿ, ಅರ್ಧ ಗಂಟೆ ಹಿಡಿದ್ರೂ ಅಡ್ಡಿಲ್ಲ. ಗ್ಲಾಸ್ ತೆಗೆದ ಮೇಲೆ ಮುಳ್ಳು. ಡಯಲ್ ಮೇಲೆ ದಪ್ಪ ಕಾಗದ ಇಟ್ಟು, ಎರಡು ಟೀ ಚಮಚ ಆ ಕಡೆ ಈ ಕಡೆ ಮುಳ್ಳಿನ ಬುಡಕ್ಕೆ ಕೊಟ್ಟು ಒಟ್ಟಿಗೆ ಒತ್ತಿದ್ರೆ ಮುಳ್ಳು ಸೀದಾ ಮೇಲೆ ಬರ್ತದೆ. ಓರೆ ಎಳೆದ್ರೆ ಕೆಳಗಿನ ಶಾಫ್ಟ್ ಬಾಗ್ತದೆ, ಮತ್ತೆ ಅದು ಸರಿ ಆಗುದಿಲ್ಲ.

ಈಗ ಬೋರ್ಡನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಹೊರಗಿನ ಪಿನ್ನು ಬೋರ್ಡಿಗೆ ಸೇರುವಲ್ಲಿ ಸೋಲ್ಡರ್ ಸುತ್ತ ಸಣ್ಣ ಕಪ್ಪು ಬಳೆ ಕಾಣ್ತದಾ? ಅದೇ ಡ್ರೈ ಸೋಲ್ಡರ್, ಅಂದ್ರೆ ಬೆಸುಗೆ ಬಿರುಕು ಬಿಟ್ಟು ಕಾಂಟ್ಯಾಕ್ಟ್ ಸರಿ ಕೊಡದ್ದು. ನಮ್ದು ಅರ್ತ್ ಸರಿ ಮಾಡಿದ ಮೇಲೆ ಮಂಗ್ಳೂರಲ್ಲಿ ಚೆಂದ ಓಡ್ತಿತ್ತು, ಆಗುಂಬೆ ಘಾಟಿ ಹತ್ತುವಾಗ ಮೂರನೇ ನಾಲ್ಕನೇ ತಿರುವಲ್ಲಿ ನಿಲ್ತಿತ್ತು, ಮೇಲೆ ಹೋಗಿ ಡ್ಯಾಶ್‌ಬೋರ್ಡಿಗೆ ತಟ್ಟಿದ್ರೆ ಮತ್ತೆ ಓಡುದು. ಗಡಗಡಕ್ಕೆ ನಿಂತು ತಟ್ಟಿದ್ರೆ ಓಡುವ ಗಡಿಯಾರಕ್ಕೆ ಇದೇ ಕಾಯಿಲೆ. ಆ ನಾಲ್ಕು ಪಿನ್ನಿನ ಹಳೆ ಸೋಲ್ಡರ್ ತೆಗೆದು ಹೊಸತು ಹಾಕಿದೆ, ಅಷ್ಟೆ, ಆ ಮೇಲೆ ಎರಡು ಮಳೆಗಾಲ ಕಳೀತು, ನಿಂತಿಲ್ಲ.

ಕಾಯಿಲ್ ನೋಡ್ಲಿಕ್ಕೆ ಮೀಟರನ್ನು ಓಮ್ಸಿಗೆ ಇಟ್ಟು ಅದ್ರ ಎರಡು ತುದಿ ಮುಟ್ಟಿ, ಯಾವುದಾದ್ರೂ ಒಂದು ಸಂಖ್ಯೆ ಬರ್ಬೇಕು. ಓಪನ್ ತೋರಿಸಿದ್ರೆ ಒಳಗೆ ತಂತಿ ತುಂಡಾಗಿದೆ. ತಂತಿ ಕೂದಲಿಗಿಂತ ತೆಳು, ತುಂಡಾದದ್ದು ಹೊರಗಿನ ತುದಿಯಲ್ಲೇ ಕಾಣ್ತಾ ಇದ್ರೆ ಸೋಲ್ಡರ್ ಮಾಡಿ ಉಳಿಸ್ಬಹುದು, ಒಳಗೆ ಆದ್ರೆ ಇಲ್ಲ.

ಕೆಪಾಸಿಟರ್ ಬದಲಿಸುದಾದ್ರೆ ಯಾವ್ದು ತರುದು?

ಹಳೆದರ ಮೇಲೆ ಮೈಕ್ರೋಫ್ಯಾರಡ್ ಎಷ್ಟು ಅಂತ ಬರೆದಿರ್ತದೆ, ಅಷ್ಟೇ ತನ್ನಿ. ವೋಲ್ಟ್ ಮಾತ್ರ ಕಮ್ಮಿ ಆಗ್ಬಾರ್ದು, 16 ಇದ್ದಲ್ಲಿ 25 ಅಥವಾ 35 ಹಾಕಿ, ಯಾಕಂದ್ರೆ ಇಂಜಿನ್ ಓಡುವಾಗ ಲೈನಲ್ಲಿ 14 ವೋಲ್ಟ್ ದಾಟಿರ್ತದೆ, ಮೇಲಿಂದ ಹಾರ್ನು, ವೈಪರಿನ ಸ್ಪೈಕು (ಒಮ್ಮೆಲೇ ಏರುವ ವೋಲ್ಟ್). ಬಿಸಿಲಲ್ಲಿ ನಿಲ್ಲುವ ಡ್ಯಾಶ್‌ಬೋರ್ಡ್ ಆದ ಕಾರಣ 105 ಡಿಗ್ರಿ ಅಂತ ಬರೆದದ್ದೇ ಕೇಳಿ ತಗೊಳ್ಳಿ, 85ರದ್ದು ಬೇಡ. ಪಟ್ಟಿ ಇರುವ ಕಡೆ ಮೈನಸ್. ಉಲ್ಟಾ ಹಾಕಿದ್ರೆ ಉಬ್ಬಿ ಒಡೀತದೆ. ಹಳೆದು ಸೋರಿ ಬೋರ್ಡ್ ಮೇಲೆ ಕಂದು ಕಲೆ ಆಗಿದ್ರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೀಲೇಬೇಕು.

ಚೂರು ಎಣ್ಣೆ ಬಿಟ್ರೆ ಓಡುದಿಲ್ವಾ?

ತೆಂಗಿನೆಣ್ಣೆ, ಹೊಲಿಗೆ ಮಿಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವ್ದೂ ಬೇಡ. ಪ್ಲಾಸ್ಟಿಕ್ ಚಕ್ರಕ್ಕೆ ಎಣ್ಣೆ ಬೇಕಾಗುದೇ ಇಲ್ಲ, ಎಣ್ಣೆಗೆ ಧೂಳು ಅಂಟಿ ಆರು ತಿಂಗಳಲ್ಲಿ ಅರಗಿನ ಹಾಗಾಗ್ತದೆ. ಲೋಹದ ಶಾಫ್ಟಿಗೆ ಬೇಕು ಅಂತ ಕಂಡ್ರೆ ವಾಚ್ ರಿಪೇರಿಯವರ ಹತ್ರ ಗಡಿಯಾರದ ಎಣ್ಣೆ ಇರ್ತದೆ, ಸೂಜಿ ಮೊನೆಯಲ್ಲಿ ಒಂದು ಬಿಂದು.

ಓಡ್ತದೆ, ಆದ್ರೆ ತಿಂಗಳಿಗೆ ಒಂದು ನಿಮಿಷ ಹಿಂದೆ ಬೀಳ್ತದೆ.

ಅದು ರೋಗ ಅಲ್ಲ. ಕ್ರಿಸ್ಟಲಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಸಾಮಾನ್ಯ, ದಿನಕ್ಕೆ 86,400 ಸೆಕೆಂಡ್, ಲೆಕ್ಕ ಹಾಕಿದ್ರೆ ದಿನಕ್ಕೆ 1.7 ಸೆಕೆಂಡ್, ತಿಂಗಳಿಗೆ 52. ಬೋರ್ಡಲ್ಲಿ ಸ್ಕ್ರೂ ತಲೆಯ ಹಾಗಿರುವ ಟ್ರಿಮ್ಮರ್ (ವೇಗ ಚೂರು ಹೆಚ್ಚು ಕಮ್ಮಿ ಮಾಡುವ ಪಾರ್ಟ್) ಇದ್ರೆ ಕೂದಲಿನಷ್ಟು ತಿರುಗಿಸಿ ಒಂದು ವಾರ ನೋಡಿ, ಯಾವ ಕಡೆ ತಿರುಗಿಸಿದ್ದು ಅಂತ ಬರೆದಿಡಿ. ದಿನಕ್ಕೆ ಹತ್ತು ಇಪ್ಪತ್ತು ನಿಮಿಷ ಹಿಂದೆ ಬೀಳುದಾದ್ರೆ ಬೇರೆ ಕಥೆ, ಅದು ಮಧ್ಯೆ ಮಧ್ಯೆ ನಿಂತು ಓಡ್ತಾ ಉಂಟು, ಮೇಲಿನ ಅರ್ತ್ ಮತ್ತೆ ಸೋಲ್ಡರಿಗೆ ವಾಪಸ್ ಹೋಗಿ. ಒಂದು ಮುಳ್ಳು ಇನ್ನೊಂದಕ್ಕೋ ಗ್ಲಾಸಿಗೋ ಉಜ್ಜುತ್ತಾ ಇರುದೂ ಆಗ್ಬಹುದು, ದಿನಾ ಒಂದೇ ಜಾಗದಲ್ಲಿ ನಿಂತ್ರೆ ಅದೇ.

ನಮ್ದು ಡಿಜಿಟಲ್. ಅರ್ಧ ಅಂಕೆ ಕಾಣುದಿಲ್ಲ, ಸ್ಟಾರ್ಟ್ ಮಾಡಿದ್ರೆ ಟೈಮ್ ಅಳಿಸಿ ಹೋಗ್ತದೆ.

ಎರಡು ಬೇರೆ ಬೇರೆ ತೊಂದ್ರೆ. ಕಪ್ಪು ಅಂಕೆಯ ಎಲ್‌ಸಿಡಿ ಆದ್ರೆ ಗ್ಲಾಸಿಗೂ ಬೋರ್ಡಿಗೂ ಮಧ್ಯೆ ಒಂದು ರಬ್ಬರ್ ಪಟ್ಟಿ ಇರ್ತದೆ, ಕಪ್ಪು ಬಿಳಿ ಗೆರೆ ಗೆರೆ, ಅದಕ್ಕೇ ಝೀಬ್ರಾ ಅಂತಾರೆ. ಆ ಪಟ್ಟಿ ಮತ್ತೆ ಅದು ಕೂರುವ ಜಾಗವನ್ನು ಐಪಿಎಯಲ್ಲಿ ಒರೆಸಿ, ಬೆರಳು ಮುಟ್ಟಿಸದೆ ಕೂರಿಸಿ. ಹೀಗೆ ಮಾಡಿ ಅರ್ಧ ಅಂಕೆ ಪೂರ್ತಿ ತಿರುಗಿ ಬಂದದ್ದು ನಾನು ಕಂಡಿದ್ದೇನೆ. ಹಸಿರು-ನೀಲಿ ಬೆಳಕಿನ ಅಂಕೆ ಆದ್ರೆ ಅದು ವಿಎಫ್‌ಡಿ, ಗಾಜಿನ ಟ್ಯೂಬ್, ಅದ್ರ ಪಿನ್ನಿನ ಸೋಲ್ಡರ್ ನೋಡಿ. ಎಲ್ಲ ಅಂಕೆಯೂ ಒಂದೇ ಸಮ ಮಸುಕಾಗಿದ್ರೆ ಟ್ಯೂಬಿಗೆ ವಯಸ್ಸಾಗಿದೆ.

ಸ್ಟಾರ್ಟ್ ಮಾಡುವಾಗ ಅಳಿಸುದು ಅಂದ್ರೆ ಸ್ಟಾರ್ಟರ್ ಮೋಟರ್ ಎಳೆಯುವ ಹೊತ್ತಿಗೆ ವೋಲ್ಟೇಜ್ ತುಂಬಾ ಕೆಳಗೆ ಬೀಳ್ತದೆ. ಮೊದ್ಲು ಬ್ಯಾಟರಿ, ಅದ್ರ ಟರ್ಮಿನಲ್, ಬಾಡಿಗೆ ಹೋಗುವ ದಪ್ಪ ಅರ್ತ್ ಪಟ್ಟಿ ನೋಡಿ. ಅದೆಲ್ಲ ಸರಿ ಇದ್ದೂ ಅಳಿಸಿದ್ರೆ ಪ್ಲಸ್ ಲೈನಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಗಡಿಯಾರದ ಕಡೆಗೆ ಮಾತ್ರ ಬಿಡುವ ಪಾರ್ಟ್), ಅದಾದ ಮೇಲೆ ಪ್ಲಸ್ಸಿಂದ ಅರ್ತಿಗೆ 4700 ಮೈಕ್ರೋಫ್ಯಾರಡ್ 25 ವೋಲ್ಟಿನ ಕೆಪಾಸಿಟರ್ ಹಾಕಿ. ಗಡಿಯಾರ 10 ಮಿಲಿಆಂಪ್ ಎಳೆದ್ರೆ ಸೆಕೆಂಡಿಗೆ ಎರಡು ವೋಲ್ಟ್ ಮಾತ್ರ ಇಳೀತದೆ, ಇಂಜಿನ್ ಹಿಡಿಯುವ ತನಕ ಸಾಕಾಗ್ತದೆ.

ರಾತ್ರಿ ಗಡಿಯಾರದ ಲೈಟ್ ಹತ್ತುದಿಲ್ಲ.

ಬಲ್ಬ್ ಹೋಗಿರ್ತದೆ, ಹಿಂದಿನಿಂದ ಕಾಲು ಸುತ್ತು ತಿರುಗಿಸಿದ್ರೆ ಹೋಲ್ಡರ್ ಸಮೇತ ಬರ್ತದೆ. ಹೆಚ್ಚಿನದು 1.2 ವಾಟಿಂದು. ಬೆಳಕು ಸಾಲುದಿಲ್ಲ ಅಂತ 5 ವಾಟ್ ಹಾಕಿದವರ ಡಯಲ್ ಕಂದಿದ್ದು, ಹೋಲ್ಡರ್ ಕರಗಿದ್ದು ನೋಡಿದ್ದೇನೆ. ಎಲ್‌ಇಡಿ ಹಾಕುದಾದ್ರೆ ಹತ್ತದಿದ್ದಲ್ಲಿ ತಿರುಗಿಸಿ ಹಾಕಿ, ಅದಕ್ಕೆ ಪ್ಲಸ್ ಮೈನಸ್ ಉಂಟು.

ಮಳೆಗಾಲದಲ್ಲಿ ಗ್ಲಾಸಿನ ಒಳಗೆ ಹಬೆ ಕೂರ್ತದೆ, ತಡೀಲಿಕ್ಕೆ ಆಗ್ತದಾ?

ಆಗ್ತದೆ. ಬಿಚ್ಚಿದ ಗಡಿಯಾರವನ್ನು ಮುಚ್ಚುದು ಮಳೆ ದಿನ ಬೇಡ, ಒಳಗಿನ ಗಾಳಿಯೇ ಒದ್ದೆ ಇರ್ತದೆ. ಆಟಿ ತಿಂಗಳಲ್ಲೇ (ಜುಲೈ-ಆಗಸ್ಟಿನ ಮಳೆಯಲ್ಲಿ) ಮಾಡ್ಬೇಕಾಗಿ ಬಂದ್ರೆ ಅಕ್ಕಿ ಡಬ್ಬಿಯಲ್ಲಿ ಇಡ್ಲಿಕ್ಕೆ ಹೋಗ್ಬೇಡಿ, ಹೊಟ್ಟು ಒಳಗೆ ಹೋಗ್ತದೆ, ಶೂ ಬಾಕ್ಸಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ ಮುಚ್ಚಳದ ಡಬ್ಬಿಯಲ್ಲಿ ಎರಡು ದಿನ ಇಟ್ಟು ಆ ಮೇಲೆ ಮುಚ್ಚಿ. ಬೋರ್ಡಿನ ಸೋಲ್ಡರ್ ಬದಿಗೆ ಬಣ್ಣ ಇಲ್ಲದ ನೇಲ್ ಪಾಲಿಶ್ ತೆಳ್ಳಗೆ ಬಳೀಬಹುದು, ನಮ್ಮ ಉಪ್ಪುಗಾಳಿಗೆ ಅದು ಒಳ್ಳೆ ಕವಚ. ಟ್ರಿಮ್ಮರಿಗೆ, ಚಕ್ರಕ್ಕೆ ತಾಗ್ಬಾರ್ದು. ಮತ್ತೆ ವಿಂಡ್‌ಶೀಲ್ಡ್ ರಬ್ಬರ್ ನೋಡಿ, ಸುಮಾರು ಸಲ ನೀರು ಅಲ್ಲಿಂದ ಇಳಿದು ಸೀದಾ ಡ್ಯಾಶ್‌ಬೋರ್ಡ್ ಹಿಂದೆ ಬರ್ತದೆ.

ಗಡಿಯಾರದಿಂದ ಬ್ಯಾಟರಿ ಇಳೀತದಾ?

10 ಮಿಲಿಆಂಪ್ ಅಂತ ಇಟ್ಟುಕೊಂಡ್ರೂ ತಿಂಗಳಿಗೆ 7.2 ಆಂಪ್ ಅವರ್. ವಾರಕ್ಕೊಮ್ಮೆ ಓಡುವ ವ್ಯಾನಿಗೆ ಇದು ಲೆಕ್ಕಕ್ಕೇ ಇಲ್ಲ. ಮೂರು ತಿಂಗಳು ಶೆಡ್ಡಲ್ಲಿ ನಿಲ್ಲಿಸುದಾದ್ರೆ ಗಡಿಯಾರದ ಫ್ಯೂಸ್ ತೆಗೆದಿಡಿ. ಒಂದೇ ರಾತ್ರಿಗೆ ಬ್ಯಾಟರಿ ಖಾಲಿ ಆಗ್ತದೆ ಅಂದ್ರೆ ಬೇರೆ ಏನೋ ಎಳೀತಾ ಉಂಟು.

ಕ್ವಾರ್ಟ್ಸ್ ಅಲ್ಲ, ತೀರಾ ಹಳೆದು, ಒಂದೆರಡು ನಿಮಿಷಕ್ಕೊಮ್ಮೆ ಒಳಗೆ ಟಕ್ ಅಂತ ಶಬ್ದ ಬರ್ತಿತ್ತು.

ಅದು ಸ್ಪ್ರಿಂಗ್ ಗಡಿಯಾರ. ಸ್ಪ್ರಿಂಗ್ ಬಿಚ್ಚಿಕೊಂಡಾಗ ಎರಡು ಕಾಂಟ್ಯಾಕ್ಟ್ ಮುಟ್ಟಿ ಕಾಯಿಲ್ ಅದನ್ನು ಮತ್ತೆ ಎಳೆದು ಕೊಡ್ತದೆ, ಟಕ್ ಅಂದದ್ದು ಅದೇ. ಬ್ಯಾಟರಿ ವೀಕ್ ಆದ್ರೆ ಎಳೀಲಿಕ್ಕೆ ಬಲ ಸಾಲದೆ ಕಾಂಟ್ಯಾಕ್ಟ್ ಅಂಟಿಕೊಂಡು ಸುಡ್ತದೆ. ನುಣ್ಣಗಿನ ಎಮರಿಯಲ್ಲಿ ಕಾಂಟ್ಯಾಕ್ಟ್ ಉಜ್ಜಿದ್ರೆ ಸುಮಾರು ಗಡಿಯಾರ ಎದ್ದು ಬರ್ತದೆ. ಕಾಯಿಲ್ ಸುಟ್ಟ ವಾಸನೆ ಇದ್ರೆ ವಾಚ್ ರಿಪೇರಿಯವರಿಗೇ ಕೊಡಿ.

ಏನು ಮಾಡಿದ್ರೂ ಆಗ್ಲಿಲ್ಲ. ಗೋಡೆ ಗಡಿಯಾರದ ಮಿಷಿನ್ ಒಳಗೆ ಕೂರಿಸ್ಬಹುದಾ?

ಸಾಮಾನ್ಯ ಗೋಡೆ ಗಡಿಯಾರದ ಮಿಷಿನ್ ಸುಮಾರು 55 ಎಂಎಂ ಚೌಕ, 52ರ ರೌಂಡ್ ಡಬ್ಬಿಗೆ ಹೋಗುದೇ ಇಲ್ಲ. ದೊಡ್ಡ ಡಯಲ್ ಇರುವ ವ್ಯಾನಿಗೆ ಆಗ್ತದೆ, ಆದ್ರೆ ಅದಕ್ಕೆ 1.5 ವೋಲ್ಟ್ ಮಾತ್ರ, 12 ಕೊಟ್ರೆ ಆ ಕ್ಷಣಕ್ಕೆ ಸತ್ತಿತು. ಪೆನ್ಸಿಲ್ ಸೆಲ್ಲಲ್ಲೇ ಓಡಿಸಿ, ಡ್ಯಾಶ್‌ಬೋರ್ಡ್ ಬಿಸಿಗೆ ಸೆಲ್ ಸೋರುದು ಜಾಸ್ತಿ, ವರ್ಷಕ್ಕೊಮ್ಮೆ ನೆನಪಿಟ್ಟು ಬದಲಿಸಿ. ನಿಮ್ಮ ಹಳೆ ಮುಳ್ಳಿನ ತೂತು ಹೊಸ ಶಾಫ್ಟಿಗೆ ಕೂರುದಿಲ್ಲ ಅಂತ ಮೊದ್ಲೇ ಹೇಳಿಬಿಡ್ತೇನೆ. ನನ್ನನ್ನು ಕೇಳಿದ್ರೆ ಗುಜರಿಯಲ್ಲಿ ಇನ್ನೊಂದು ಅದೇ ಥರದ್ದು ಹುಡುಕಿ, ಎರಡರಿಂದ ಒಂದು ಮಾಡುದು ಒಳ್ಳೆದು.

ನನಗೆ ಸೋಲ್ಡರ್ ಮಾಡ್ಲಿಕ್ಕೆ ಬರುದಿಲ್ಲ, ಯಾರ ಹತ್ರ ಕೊಡುದು?

ವಾಹನದ ಎಲೆಕ್ಟ್ರಿಷಿಯನ್‌ಗಿಂತ ಹಳೆ ಟಿವಿ, ರೇಡಿಯೋ ರಿಪೇರಿ ಮಾಡ್ತಿದ್ದವರ ಹತ್ರ ಹೋಗಿ. ಡ್ರೈ ಸೋಲ್ಡರ್ ಹುಡುಕುದು ಅವರಿಗೆ ನೀರು ಕುಡಿದಷ್ಟೇ ಸುಲಭ. ಮುಳ್ಳು, ಚಕ್ರದ ಕೆಲಸಕ್ಕೆ ವಾಚ್ ರಿಪೇರಿಯವರು. ಇಬ್ಬರಿಗೂ ಗಡಿಯಾರ ಮಾತ್ರ ಕೊಡದೆ 12 ವೋಲ್ಟ್ ಅಡಾಪ್ಟರೂ ತಗೊಂಡು ಹೋಗಿ, ಅವರ ಮೇಜಿನ ಮೇಲೆ ಒಂದು ರಾತ್ರಿ ಓಡ್ಲಿ. ಪಾರ್ಟ್ಸ್ ಇಲ್ಲಿ ಸಿಗದಿದ್ರೆ ಬೆಂಗ್ಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸಿಗೆ ಎಸ್.ಪಿ. ರೋಡ್, ವಾಹನದ ಸಾಮಾನಿಗೆ ಜೆ.ಸಿ. ರೋಡ್.

ಸರಿ ಆಯ್ತು! ಈಗ ಟೈಮ್ ಸೆಕೆಂಡಿಗೆ ಸರಿಯಾಗಿ ಇಡುದು ಹೇಗೆ?

ಮುಳ್ಳು ವಾಪಸ್ ಹಾಕುವಾಗ ಗಂಟೆ, ನಿಮಿಷ ಎರಡನ್ನೂ ಸರಿ 12ಕ್ಕೆ ಒತ್ತಿ ಕೂರಿಸಿ, ಮುಚ್ಚುವ ಮೊದ್ಲು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ಒಂದಕ್ಕೊಂದು ತಾಗುದಿಲ್ಲ ಅಂತ ನೋಡಿಕೊಳ್ಳಿ. ವ್ಯಾನಲ್ಲಿ ಕೂರಿಸಿದ ಮೇಲೆ ಓಡ್ಲಿಕ್ಕೆ ಬಿಡಿ, ಸೆಕೆಂಡ್ ಮುಳ್ಳು 12ಕ್ಕೆ ಬಂದ ಕೂಡ್ಲೇ ಫ್ಯೂಸ್ ಕೀಳಿ. ನಿಂತ ಗಡಿಯಾರದ ಗುಂಡಿ ಒತ್ತಿ ತಿರುಗಿಸಿ ಎರಡು ನಿಮಿಷ ಮುಂದಿನ ಟೈಮಿಗೆ ಇಡಿ. ಮೊಬೈಲ್ ನೋಡ್ತಾ ಕೂತ್ಕೊಳ್ಳಿ, ಆ ನಿಮಿಷ ಬಂದ ಕೂಡ್ಲೇ ಫ್ಯೂಸ್ ಒತ್ತಿ. ನಮ್ದನ್ನು ಇಡುವಾಗ ದೊಡ್ಡಪ್ಪ ಪಕ್ಕದ ಸೀಟಲ್ಲಿ ಕೂತು ಮೊಬೈಲ್ ಹಿಡ್ಕೊಂಡಿದ್ರು, ಮೂರು, ಎರಡು, ಒಂದು, ಹಾಕು ಅಂತ ಅವರೇ ಹೇಳಿದ್ದು.